ಹಳೆಯ ಲ್ಯಾಪ್‌ಟಾಪಿನಲ್ಲಿ ವೈಫೈ ಸಿಗದಿದ್ದರೆ: ಕಾರ್ಡ್ ಬದಲಿಸುವ ಮೊದಲು ನೋಡಬೇಕಾದ್ದು

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಾಪ್ಕೀರ್ ಗಲ್ಲಿಯಲ್ಲೋ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಮನೆಗೆ ಬಂದ ಮೇಲೆ ವೈಫೈ ಹಿಡಿಯದಿದ್ದರೆ ಮೊದಲು ಕಿವಿಗೆ ಬೀಳುವ ಮಾತು, "ಕಾರ್ಡ್ ಹೋಗಿದೆ, ಬದಲಿಸಬೇಕು." ಹೆಚ್ಚಿನ ಸಲ ಈ ತೀರ್ಮಾನ ತಪ್ಪು. ಹೀಗೆ ಮಾರಾಟಕ್ಕೆ ಬರುವ ಯಂತ್ರಗಳಲ್ಲಿ ಹಲವು ಕಂಪನಿಗಳು ಬಳಸಿ ಬಿಟ್ಟವು: ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಮತ್ತು ಪ್ರೊಬುಕ್, ಲೆನೊವೊ ಥಿಂಕ್‌ಪ್ಯಾಡ್. ಇವುಗಳಲ್ಲಿರುವ ವೈಫೈ ಕಾರ್ಡ್ ಸುಲಭಕ್ಕೆ ಸಾಯುವುದಿಲ್ಲ. ಕೆಡುವುದು ಅದರ ಸುತ್ತಲಿನದು: ಯಾರೋ ಸರಿಸಿಟ್ಟ ಸ್ವಿಚ್, ಹಳೆಯ ಕಂಪನಿ ಬಯಾಸ್‌ನಲ್ಲಿ (ವಿಂಡೋಸಿಗೂ ಮೊದಲು ಏಳುವ, ಯಂತ್ರದ ಮೂಲ ಸೆಟ್ಟಿಂಗುಗಳಿರುವ ತಂತ್ರಾಂಶ) ಹಾಕಿಟ್ಟ ನಿರ್ಬಂಧ, ಇಲ್ಲದ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಕಳಚಿದ ಆಂಟೆನಾ ತಂತಿ, ಅಥವಾ ಹಳೆಯ ಕಾರ್ಡಿಗೆ ಕಾಣದ ಹಾಗೆ ಹೊಂದಿಸಿದ ಹೊಸ ರೂಟರ್. ದೋಷ ಎಲ್ಲಿದೆ ಎಂದು ಗೊತ್ತಾಗುವ ಮೊದಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಕೈಗೆ ಬೇಕಾದ್ದು ಮೂರು. ಮೊದಲನೆಯದು ಫೋನ್ ಮತ್ತು ಡೇಟಾ ಹಾಯುವ ಯುಎಸ್‌ಬಿ ಕೇಬಲ್ (ಚಾರ್ಜಿಂಗ್‌ಗೆ ಮಾತ್ರ ಬರುವ ಅಗ್ಗದ ಕೇಬಲ್ ಆಗದು). ಆಂಡ್ರಾಯ್ಡ್ ಫೋನಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವಿಂಡೋಸ್ 10ಕ್ಕೂ ಲಿನಕ್ಸಿಗೂ ಅದು ತಂತಿಯ ನೆಟ್‌ವರ್ಕಿನಂತೆ ಕಾಣುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ವೈಫೈ ಇಲ್ಲದೆ ವೈಫೈ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಇಲ್ಲಿಗೆ ಮುಗಿಯಿತು. ಎರಡನೆಯದು ಲಿನಕ್ಸ್ ಮಿಂಟ್ ಅಥವಾ ಉಬುಂಟು (ವಿಂಡೋಸಿನ ಬದಲು ನಡೆಯುವ ಉಚಿತ ಲಿನಕ್ಸ್ ಕಾರ್ಯವ್ಯವಸ್ಥೆಗಳು) ತುಂಬಿದ 8 ಜಿಬಿ ಪೆನ್‌ಡ್ರೈವ್. ಇನ್‌ಸ್ಟಾಲ್ ಮಾಡುವುದು ಬೇಡ, ಅದರಿಂದ ಬೂಟ್ ಮಾಡಿ ನೋಡಿದರೆ ಸಾಕು. ಮೂರನೆಯದು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್.

ಪೆನ್‌ಡ್ರೈವ್ ಏಕೆ ಎಂದರೆ, ಯಂತ್ರಾಂಶದ ದೋಷವೋ ವಿಂಡೋಸಿನ ದೋಷವೋ ಎಂಬುದು ಅದರಿಂದ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಲಿನಕ್ಸಿನಲ್ಲಿ ವೈಫೈ ನಡೆದರೆ ಕಾರ್ಡ್, ಆಂಟೆನಾ, ಸ್ವಿಚ್ ಎಲ್ಲ ಸರಿ ಇವೆ. ಸ್ಕ್ರೂಡ್ರೈವರ್ ಮುಟ್ಟುವುದೇ ಬೇಡ. ನಡೆಯದಿದ್ದರೆ ಮಾತ್ರ ಎರಡು ಸಾಧ್ಯತೆ ಉಳಿಯುತ್ತವೆ: ಸ್ವಿಚ್, ಬಯಾಸ್ ಅಥವಾ ಯಂತ್ರಾಂಶದಲ್ಲಿ ತೊಡಕಿರಬಹುದು, ಅಥವಾ ಆ ಕಾರ್ಡಿಗೆ ಲಿನಕ್ಸಿನಲ್ಲೂ ಬೇರೆ ಡ್ರೈವರ್ ಬೇಕಿರಬಹುದು. ಬ್ರಾಡ್‌ಕಾಮ್ ಕಾರ್ಡುಗಳಲ್ಲಿ ಹೀಗಾಗುವುದು ಸಾಮಾನ್ಯ, ಅದನ್ನು ಮುಂದೆ ನೋಡೋಣ.

ಒಂದು ಸೂಚನೆ: ಇಲ್ಲಿ ಆಜ್ಞೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.

ಲಕ್ಷಣ ಯಾವುದು?

"ವೈಫೈ ಬರುತ್ತಿಲ್ಲ" ಎನ್ನುವುದರೊಳಗೆ ಐದು ಬೇರೆ ಬೇರೆ ತೊಂದರೆಗಳಿವೆ, ಐದಕ್ಕೂ ಮದ್ದು ಬೇರೆ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ (ಯಂತ್ರದೊಳಗಿನ ಭಾಗಗಳ ಪಟ್ಟಿ) ಕಾರ್ಡಿನ ಹೆಸರೇ ಇಲ್ಲದಿರುವುದು ಒಂದು. ಹೆಸರಿದ್ದೂ ರೇಡಿಯೊ ಆಫ್ ಆಗಿರುವುದು ಇನ್ನೊಂದು. ಅಕ್ಕಪಕ್ಕದ ಮನೆಗಳ ನೆಟ್‌ವರ್ಕ್ ಕಂಡರೂ ನಮ್ಮದು ಮಾತ್ರ ಕಾಣದಿರುವುದು ಮೂರನೆಯದು. ಕನೆಕ್ಟ್ ಆದರೂ ಇಂಟರ್ನೆಟ್ ಇಲ್ಲದಿರುವುದು ನಾಲ್ಕನೆಯದು. ರೂಟರಿನ ಪಕ್ಕದಲ್ಲಿ ಕೂತರೆ ಮಾತ್ರ ನಡೆದು ಒಳಕೋಣೆಗೆ ಹೋದೊಡನೆ ಕಡಿದುಹೋಗುವುದು ಕೊನೆಯದು. ನಿಮ್ಮದು ಯಾವುದು ಎಂದು ನಿಶ್ಚಯಿಸಿಕೊಂಡು ಆ ಭಾಗಕ್ಕೆ ಹೋಗಿ.

ರೇಡಿಯೊ ಆಫ್: ಸ್ವಿಚ್ ಮತ್ತು ಬಯಾಸ್

2010ರಿಂದ 2014ರ ನಡುವಿನ ಆಫೀಸ್ ಲ್ಯಾಪ್‌ಟಾಪುಗಳಲ್ಲಿ ಹಲವಕ್ಕೆ ಬದಿಯಲ್ಲೋ ಮುಂದಿನ ಅಂಚಿನಲ್ಲೋ ಉಗುರಿನಲ್ಲಿ ಸರಿಸುವಂಥ ಪುಟ್ಟ ವೈರ್‌ಲೆಸ್ ಸ್ವಿಚ್ ಇದೆ. ಡೆಲ್ ಲ್ಯಾಟಿಟ್ಯೂಡ್ ಇ6420ರಲ್ಲಿ ಅದು ಬಲಬದಿಯಲ್ಲಿದೆ. ಬ್ಯಾಗಿನಿಂದ ತೆಗೆಯುವಾಗ ತಾನಾಗಿ ಸರಿದುಬಿಡುವಷ್ಟು ಹಗುರ. ಎಚ್‌ಪಿಯಲ್ಲಿ ಇದು ಕೀಬೋರ್ಡಿನ ಮೇಲಿನ ಬಟನ್ ಅಥವಾ ಎಫ್12ರಂಥ ಕೀ. ಆಫ್ ಇದ್ದರೆ ಕಿತ್ತಳೆ ದೀಪ, ಆನ್ ಇದ್ದರೆ ನೀಲಿ ಅಥವಾ ಬಿಳಿ.

ಲಿನಕ್ಸಿನ ಟರ್ಮಿನಲ್ಲಿನಲ್ಲಿ 'ಆರ್‌ಎಫ್‌ಕಿಲ್ ಲಿಸ್ಟ್' ಎಂದು ಕೊಟ್ಟರೆ ಎರಡು ಸಾಲು ಕಾಣುತ್ತದೆ. 'ಸಾಫ್ಟ್ ಬ್ಲಾಕ್ಡ್: ಯೆಸ್' ಎಂದಿದ್ದರೆ ತಂತ್ರಾಂಶ ತಡೆದಿದೆ; 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್' ಎಂದರೆ ಬಿಡುತ್ತದೆ. 'ಹಾರ್ಡ್ ಬ್ಲಾಕ್ಡ್: ಯೆಸ್' ಎಂದಿದ್ದರೆ ಯಾವ ಆಜ್ಞೆಗೂ ಬಗ್ಗದು, ಸ್ವಿಚ್ಚಿನಿಂದ ಬರುವ ವಿದ್ಯುತ್ ಸಂಕೇತವೇ ಕಾರ್ಡನ್ನು ಆಫ್ ಮಾಡುತ್ತಿದೆ ಎಂದರ್ಥ. ಇದಕ್ಕೊಂದು ಅಪವಾದವಿದೆ. ಲೆನೊವೊ ಐಡಿಯಾಪ್ಯಾಡ್ ಸಾಲಿನ ಕೆಲವು ಮಾದರಿಗಳಲ್ಲಿ ಸ್ವಿಚ್ಚೇ ಇಲ್ಲದಿದ್ದರೂ ಹಳೆಯ ಲಿನಕ್ಸ್ ಕರ್ನಲ್ (ಲಿನಕ್ಸಿನ ತಿರುಳು) 'ಹಾರ್ಡ್ ಬ್ಲಾಕ್ಡ್' ಎಂದು ತಪ್ಪಾಗಿ ತೋರಿಸುತ್ತದೆ. 'ಐಡಿಯಾಪ್ಯಾಡ್ ಅಂಡರ್‌ಸ್ಕೋರ್ ಲ್ಯಾಪ್‌ಟಾಪ್' ಎಂಬ ಮಾಡ್ಯೂಲನ್ನು (ಕರ್ನಲ್ಲಿಗೆ ಸೇರುವ ಡ್ರೈವರ್ ತುಣುಕು) ತೆಗೆದುಹಾಕಿದರೆ, ಇಲ್ಲವೇ ಹೊಸ ಕರ್ನಲ್ ಹಾಕಿದರೆ ಅದು ಸರಿಯಾಗುತ್ತದೆ.

ಸ್ವಿಚ್ ಆನ್ ಇದ್ದೂ ರೇಡಿಯೊ ಆಫ್ ಎಂದಾದರೆ ಬಯಾಸ್ ತೆರೆಯಿರಿ. ಆನ್ ಮಾಡಿದ ಕೂಡಲೇ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10. ಬ್ಯಾಂಕ್, ಕಾಲ್‌ಸೆಂಟರ್‌ಗಳಂಥ ಕಡೆ ಭದ್ರತೆಗಾಗಿ ವೈಫೈಯನ್ನು ಇಲ್ಲಿಂದಲೇ ಮುಚ್ಚಿಟ್ಟಿರುತ್ತಾರೆ. ಥಿಂಕ್‌ಪ್ಯಾಡಿನಲ್ಲಿ 'ಸೆಕ್ಯುರಿಟಿ'ಯೊಳಗೆ 'ಐ/ಒ ಪೋರ್ಟ್ ಆಕ್ಸೆಸ್', ಅದರಲ್ಲಿ 'ವೈರ್‌ಲೆಸ್ ಲ್ಯಾನ್' ಎನೇಬಲ್ ಇರಬೇಕು. ಎಚ್‌ಪಿಯಲ್ಲಿ 'ಬಿಲ್ಟ್-ಇನ್ ಡಿವೈಸ್ ಆಪ್ಷನ್ಸ್' ಕೆಳಗೆ ನೋಡಿ. ಅಲ್ಲಿರುವ 'ಲ್ಯಾನ್/ಡಬ್ಲ್ಯೂಲ್ಯಾನ್ ಸ್ವಿಚಿಂಗ್' (ಡಬ್ಲ್ಯೂಲ್ಯಾನ್ ಎಂದರೆ ವೈಫೈ) ಆನ್ ಇದ್ದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸಿದ ಕ್ಷಣ ವೈಫೈ ಆಫ್ ಆಗುತ್ತದೆ. ಕೇಬಲ್ ಹಾಕಿಕೊಂಡೇ ವೈಫೈ ಪರೀಕ್ಷಿಸುವವರು ಇದರಿಂದ ಮೋಸಹೋಗುತ್ತಾರೆ. ಡೆಲ್‌ನಲ್ಲಿ ಇದೇ ಕೆಲಸವನ್ನು ಪವರ್ ಮ್ಯಾನೇಜ್‌ಮೆಂಟಿನೊಳಗಿನ 'ಕಂಟ್ರೋಲ್ ಡಬ್ಲ್ಯೂಲ್ಯಾನ್ ರೇಡಿಯೊ' ಮಾಡುತ್ತದೆ.

ಡೆಲ್ ಬಯಾಸಿನಲ್ಲಿ ಬಹಳ ಉಪಯೋಗದ ಇನ್ನೊಂದು ಜಾಗವಿದೆ: 'ವೈರ್‌ಲೆಸ್ ಸ್ವಿಚ್'. ಬದಿಯ ಸ್ವಿಚ್ಚಿನ ಹಿಡಿತ ಯಾವ ಯಾವ ರೇಡಿಯೊಗಳ ಮೇಲಿರಬೇಕು ಎಂದು ಅಲ್ಲಿ ಟಿಕ್ ಹಾಕಬಹುದು. ಸ್ವಿಚ್ ಮುರಿದಿದ್ದರೆ ಡಬ್ಲ್ಯೂಲ್ಯಾನ್ ಮುಂದಿನ ಟಿಕ್ ತೆಗೆದುಬಿಡಿ, ಸ್ವಿಚ್ಚಿನ ಅಧಿಕಾರವೇ ಹೋಗುತ್ತದೆ. ಬಿಚ್ಚುವ ಕೆಲಸವಿಲ್ಲ.

ಈ ಸೌಲಭ್ಯವಿಲ್ಲದ ಯಂತ್ರದಲ್ಲಿ ಸ್ವಿಚ್ ಮುರಿದಿದ್ದರೆ ಪಿನ್ ಮುಚ್ಚುವ ಉಪಾಯ ಉಳಿಯುತ್ತದೆ. ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನ 52 ಪಿನ್‌ಗಳಲ್ಲಿ 20ನೆಯದೇ ರೇಡಿಯೊ ಆಫ್ ಮಾಡುವ ತಂತಿ. ಸಮಸಂಖ್ಯೆಯ ಪಿನ್‌ಗಳು ಒಂದೇ ಮುಖದಲ್ಲಿರುತ್ತವೆ. ಆ ಮುಖದ ತುದಿಗಳಲ್ಲಿ 2 ಮತ್ತು 52 ಎಂದು ಅಚ್ಚಾಗಿರುವುದುಂಟು. ಕಚ್ಚು ಇರುವ ಜಾಗ ದಾಟಿ ಉದ್ದನೆಯ ಭಾಗದಲ್ಲಿ ಮೊದಲು ಸಿಗುವುದು 18, ಎರಡನೆಯದು 20. ಅದೊಂದನ್ನೇ ಕಿರಿದಾದ ಕ್ಯಾಪ್ಟಾನ್ ಟೇಪಿನಿಂದ (ಬಿಸಿ ತಡೆಯುವ ಟೇಪ್) ಮುಚ್ಚಿದರೆ ಸ್ವಿಚ್ಚಿನ ಸಂಕೇತ ಕಾರ್ಡಿಗೆ ತಲುಪುವುದಿಲ್ಲ. ಸಾಮಾನ್ಯ ಸೆಲ್ಲೋಟೇಪ್ ಬಿಸಿಗೆ ಅಂಟು ಬಿಟ್ಟು ಸ್ಲಾಟಿನೊಳಗೇ ಉಳಿದುಬಿಡುತ್ತದೆ, ಅದನ್ನು ಬಳಸಬೇಡಿ.

ಕಾರ್ಡಿನ ಹೆಸರೇ ಇಲ್ಲ

ಮೊದಲು ಮಾಡಬೇಕಾದ್ದು ಕಾಸಿಲ್ಲದ ಕೆಲಸ. ಚಾರ್ಜರ್ ತೆಗೆಯಿರಿ, ಬ್ಯಾಟರಿ ಕಳಚಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿಯಿರಿ, ಮತ್ತೆ ಜೋಡಿಸಿ ಆನ್ ಮಾಡಿ. ವಿದ್ಯುತ್ ನಿರ್ವಹಿಸುವ ಚಿಪ್ ಗೊಂದಲಕ್ಕೆ ಬಿದ್ದು ಕಾರ್ಡನ್ನು ಎಬ್ಬಿಸದೆ ಬಿಟ್ಟಿದ್ದರೆ ಇಷ್ಟಕ್ಕೇ ಮರಳಿ ಬರುತ್ತದೆ.

ಬರದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ 'ಅದರ್ ಡಿವೈಸಸ್' ಕೆಳಗೆ ಹಳದಿ ಗುರುತಿನ 'ನೆಟ್‌ವರ್ಕ್ ಕಂಟ್ರೋಲರ್' ಇದೆಯೇ ನೋಡಿ. ಇದ್ದರೆ ಕಾರ್ಡ್ ಬದುಕಿದೆ, ಡ್ರೈವರ್ ಮಾತ್ರ ಇಲ್ಲ. ಅದರ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ ತೆರೆದರೆ ತಯಾರಕರ ಸಂಖ್ಯೆ ಕಾಣುತ್ತದೆ: 8086 ಎಂದರೆ ಇಂಟೆಲ್, 14ಇ4 ಬ್ರಾಡ್‌ಕಾಮ್, 168ಸಿ ಅಥೆರಾಸ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ಲಿನಕ್ಸಿನಲ್ಲಿ 'ಎಲ್‌ಎಸ್‌ಪಿಸಿಐ ಮೈನಸ್ ಎನ್‌ಎನ್‌ಕೆ' ಇದೇ ಸಂಖ್ಯೆಯ ಜೊತೆಗೆ ಯಾವ ಡ್ರೈವರ್ ನಡೆಯುತ್ತಿದೆ ಎಂಬುದನ್ನೂ ಹೇಳುತ್ತದೆ. ಡ್ರೈವರನ್ನು ಲ್ಯಾಪ್‌ಟಾಪ್ ತಯಾರಕರ ತಾಣದಿಂದ, ಮಾದರಿ ಸಂಖ್ಯೆ ಕೊಟ್ಟು ಇಳಿಸಿಕೊಳ್ಳಿ. "ಎಲ್ಲ ಡ್ರೈವರ್ ಒಂದೇ ಸಲ" ಎಂದು ಬರುವ ಪ್ಯಾಕ್‌ಗಳ ತಂಟೆಗೆ ಹೋಗಬೇಡಿ. ಅವು ತಪ್ಪು ಆವೃತ್ತಿ ಹಾಕಿ ಇದ್ದದ್ದನ್ನೂ ಕೆಡಿಸುತ್ತವೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಈ ಹಳೆಯ ಯಂತ್ರಗಳ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹಾಗಾಗಿ ಇಂಥ ಯಂತ್ರಕ್ಕೆ ಲಿನಕ್ಸ್ ಹಾಕುವವರೇ ಹೆಚ್ಚುತ್ತಿದ್ದಾರೆ, ಅದು ಒಳ್ಳೆಯ ನಿರ್ಧಾರವೇ. ಅಲ್ಲಿ ಇಂಟೆಲ್ ಮತ್ತು ಅಥೆರಾಸ್ ಕಾರ್ಡುಗಳು ತಕರಾರಿಲ್ಲದೆ ನಡೆಯುತ್ತವೆ. ತೊಂದರೆ ಕೊಡುವುದು ಬ್ರಾಡ್‌ಕಾಮ್. ಬಿಸಿಎಂ4312, ಬಿಸಿಎಂ4313ರಂಥವಕ್ಕೆ ಒಂದಕ್ಕಿಂತ ಹೆಚ್ಚು ಡ್ರೈವರುಗಳಿದ್ದು, ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಫೋನ್ ಟೆದರಿಂಗ್ ಹಾಕಿಕೊಂಡು ಮಿಂಟ್ ಅಥವಾ ಉಬುಂಟುವಿನ ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮಿನ ಸ್ವಂತ ಡ್ರೈವರ್ ತೋರಿಸುತ್ತದೆ. ಆರಿಸಿ, ರೀಸ್ಟಾರ್ಟ್ ಮಾಡಿ. ಹಾಕಿದ ಮೇಲೂ ನಡೆಯದಿದ್ದರೆ ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆನ್ ಇದೆಯೇ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಸದ್ದಿಲ್ಲದೆ ತಡೆಯುತ್ತದೆ. ಡೆಬಿಯನ್ ಬಳಸುವವರು 12 ಅಥವಾ ನಂತರದ ಆವೃತ್ತಿ ಹಾಕಿ. ಅದಕ್ಕಿಂತ ಹಿಂದಿನ ಅಧಿಕೃತ ಇನ್‌ಸ್ಟಾಲರಿನಲ್ಲಿ ವೈಫೈ ಫರ್ಮ್‌ವೇರ್ (ಕಾರ್ಡಿನೊಳಗೆ ತುಂಬಬೇಕಾದ ತಂತ್ರಾಂಶ) ಸೇರಿರಲಿಲ್ಲ.

ಹಳದಿ ಗುರುತೂ ಇಲ್ಲ, ಲಿನಕ್ಸಿನ ಪಟ್ಟಿಯಲ್ಲೂ ಹೆಸರಿಲ್ಲ ಎಂದಾದಾಗಲೇ ಸ್ಕ್ರೂಡ್ರೈವರ್ ಹಿಡಿಯಬೇಕು.

ಒಳಗೆ ನೋಡುವುದು

ಚಾರ್ಜರ್, ಬ್ಯಾಟರಿ ಎರಡನ್ನೂ ತೆಗೆದ ಮೇಲೆಯೇ ಬಿಚ್ಚಿ. ಡೆಲ್ ಲ್ಯಾಟಿಟ್ಯೂಡುಗಳಲ್ಲಿ ಸಾಮಾನ್ಯವಾಗಿ ತಳದ ಮುಚ್ಚಳ ತೆಗೆದರೆ ಕಾರ್ಡ್ ಕಾಣುತ್ತದೆ. ಥಿಂಕ್‌ಪ್ಯಾಡುಗಳಲ್ಲಿ ಹಲವಕ್ಕೆ ಕೀಬೋರ್ಡ್ ಮತ್ತು ಅಂಗೈ ಇಡುವ ಪಟ್ಟಿ ಎತ್ತಬೇಕಾಗುತ್ತದೆ. ನಿಮ್ಮ ಮಾದರಿಯ ಹಾರ್ಡ್‌ವೇರ್ ಮೆಂಟೆನೆನ್ಸ್ ಮ್ಯಾನ್ಯುಯಲ್ ಲೆನೊವೊದಲ್ಲಿ ಉಚಿತವಾಗಿ ಸಿಗುತ್ತದೆ, ಸ್ಕ್ರೂಗಳ ಕ್ರಮ ಸಹಿತ.

ಹಾಫ್ ಮಿನಿ ಕಾರ್ಡಿನ ಅಳತೆ ಸುಮಾರು 30 × 27 ಮಿ.ಮೀ., ಎರಡು ಸ್ಕ್ರೂ. ಫುಲ್ ಮಿನಿ 30 × 51. ಸುಮಾರು 2014ರಿಂದೀಚೆಗಿನ ಯಂತ್ರಗಳಲ್ಲಿ 22 × 30 ಮಿ.ಮೀ.ಯ ಎಂ.2 ಕಾರ್ಡ್, ಒಂದೇ ಸ್ಕ್ರೂ. ಒಳಗೆ ಒಂದೇ ತರಹದ ಎರಡು ಸ್ಲಾಟ್ ಕಂಡರೆ ಎಚ್ಚರ: ಒಂದು ವೈಫೈಯದು, ಇನ್ನೊಂದು ಸಿಮ್ ಹಾಕುವ 3ಜಿ ಮೋಡೆಮ್ಮಿನದು. ಎರಡನೆಯದಕ್ಕೆ ಹಲವು ಯಂತ್ರಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ತಂತಿಗಳೇ ಇರುವುದಿಲ್ಲ, ಯುಎಸ್‌ಬಿ ಮಾತ್ರ. ಬಿಚ್ಚಿ ಜೋಡಿಸಿದವರು ಕಾರ್ಡನ್ನು ಅದರಲ್ಲಿ ಕೂರಿಸಿದ್ದರೆ ಅದು ಯಾವತ್ತೂ ಕಾಣಿಸದು. ಬೋರ್ಡಿನ ಮೇಲೆ 'ಡಬ್ಲ್ಯೂಲ್ಯಾನ್' ಎಂದು ಅಚ್ಚಾಗಿರುವ ಸ್ಲಾಟೇ ಸರಿಯಾದದ್ದು.

ನಮ್ಮ ಕರಾವಳಿ ಪಟ್ಟಿಯಲ್ಲಿ, ಕೊಲಾಬಾ, ವರ್ಸೋವಾದಿಂದ ಹಿಡಿದು ಪಣಜಿ, ವಾಸ್ಕೋವರೆಗೆ, ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆಗಾಲದ ತೇವ ಸೇರಿ ಕಾರ್ಡಿನ ಬಂಗಾರದ ಅಂಚನ್ನು ಮಂಕಾಗಿಸುತ್ತವೆ. ಸ್ಕ್ರೂ ತೆಗೆದೊಡನೆ ಕಾರ್ಡ್ ತಾನಾಗಿ ಓರೆಯಾಗಿ ಎದ್ದು ನಿಲ್ಲುತ್ತದೆ. ಆ ಕೋನದಲ್ಲೇ ಹೊರಗೆಳೆಯಿರಿ. ಪಿನ್‌ಗಳ ಸಾಲನ್ನು ಬೆಳಕಿಗೆ ಹಿಡಿದರೆ ಹೊಳಪಿನ ನಡುವೆ ಕಂದು ಅಥವಾ ಹಸಿರು ಛಾಯೆ ಕಾಣಬಹುದು. ಮೆತ್ತನೆಯ ಬಿಳಿ ಪೆನ್ಸಿಲ್ ರಬ್ಬರಿನಿಂದ, ಪಿನ್‌ನ ಉದ್ದಕ್ಕೆ, ಒಳಗಿಂದ ಅಂಚಿನ ಕಡೆಗೆ ಮಾತ್ರ ಉಜ್ಜಿ. ಅಡ್ಡ ಉಜ್ಜಿದರೆ ಬಂಗಾರದ ಲೇಪ ಕಿತ್ತುಬರುತ್ತದೆ. ರಬ್ಬರಿನ ಪುಡಿಯನ್ನು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಸ್ಯಾನಿಟೈಸರ್ ಆಗದು, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಮತ್ತೆ ಕೂರಿಸುವಾಗ ಓರೆಯಾಗಿಯೇ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ ಸ್ಕ್ರೂ ಬಿಗಿಯಿರಿ. ಸತ್ತಿತೆಂದು ಹೇಳಲಾದ ಕಾರ್ಡುಗಳಲ್ಲಿ ಸಾಕಷ್ಟು ಇಷ್ಟರಿಂದಲೇ ಏಳುತ್ತವೆ.

ಆಂಟೆನಾ: ರೂಟರಿನ ಪಕ್ಕದಲ್ಲಿ ಮಾತ್ರ ನಡೆಯುವ ವೈಫೈ

ಲ್ಯಾಪ್‌ಟಾಪಿನ ಆಂಟೆನಾ ಕಾರ್ಡಿನ ಹತ್ತಿರ ಇರುವುದಿಲ್ಲ. ಹೆಚ್ಚಿನ ಯಂತ್ರಗಳಲ್ಲಿ ಅದು ಪರದೆಯ ಮೇಲಂಚಿನಲ್ಲಿದ್ದು, ಕೂದಲೆಳೆಯಂಥ ತಂತಿ ಹಿಂಜ್ ಮೂಲಕ ಇಳಿದು ಕಾರ್ಡಿಗೆ ಬರುತ್ತದೆ. ಹಿಂಜ್ ಸಡಿಲಾದ, ಪರದೆ ಬದಲಿಸಿದ, ಕೆಳಗೆ ಬಿದ್ದ ಲ್ಯಾಪ್‌ಟಾಪುಗಳಲ್ಲಿ ಮೊದಲು ಹೋಗುವುದು ಈ ತಂತಿಯೇ.

ಪರೀಕ್ಷೆ ಸುಲಭ. ರೂಟರಿನಿಂದ ಒಂದು ಮೀಟರ್ ದೂರ ಕೂತು ಸಿಗ್ನಲ್ ಅಳೆಯಿರಿ. ಲಿನಕ್ಸಿನಲ್ಲಿ 'ಐಡಬ್ಲ್ಯೂ ಡೆವ್' ಕಾರ್ಡಿನ ಹೆಸರು ಹೇಳುತ್ತದೆ, 'ಐಡಬ್ಲ್ಯೂ ಡೆವ್', ಆ ಹೆಸರು, 'ಲಿಂಕ್' ಈ ಕ್ರಮದಲ್ಲಿ ಕೊಟ್ಟರೆ ಸಿಗ್ನಲ್ ಡಿಬಿಎಂ ಲೆಕ್ಕದಲ್ಲಿ ಬರುತ್ತದೆ. ಒಂದು ಮೀಟರಿನಲ್ಲಿ ಮೈನಸ್ 30ರಿಂದ 45ರವರೆಗೆ ಇರಬೇಕು. ಅಲ್ಲೇ ಮೈನಸ್ 65 ಅಥವಾ ಅದಕ್ಕಿಂತ ಕೆಳಗಿದ್ದರೆ ಆಂಟೆನಾ ಸೇರಿಲ್ಲ. ನಿತ್ಯದ ಬಳಕೆಗೆ ಮೈನಸ್ 67ರವರೆಗೆ ಚೆನ್ನು, 75 ದಾಟಿದರೆ ಕಡಿಯತೊಡಗುತ್ತದೆ. ಈಗ ಪರದೆಯನ್ನು ನಿಧಾನವಾಗಿ ಹಿಂದೆ ಮುಂದೆ ಬಾಗಿಸಿ. ಕೋನ ಬದಲಾದಂತೆ ಸಂಖ್ಯೆ ದಿಢೀರನೆ ಹತ್ತಿಪ್ಪತ್ತು ಜಿಗಿದರೆ ತಂತಿ ಹಿಂಜ್‌ನೊಳಗೆ ಮುರಿದಿದೆ.

ಇನ್ನೊಂದು ಸುಳಿವು ಲಿಂಕ್ ವೇಗದಲ್ಲಿದೆ. 2.4 ಗಿಗಾಹರ್ಟ್ಸ್‌ನಲ್ಲಿ, 20 ಮೆಗಾಹರ್ಟ್ಸ್ ಅಗಲದಲ್ಲಿ, ಎರಡು ಆಂಟೆನಾದ 802.11ಎನ್ ಕಾರ್ಡ್ (ಇಂಟೆಲ್ 6205ರಂಥದ್ದು) ಗರಿಷ್ಠ 144 ಎಂಬಿಪಿಎಸ್ ತೋರಿಸಬೇಕು. ರೂಟರಿನ ಪಕ್ಕದಲ್ಲೂ ಅದು 72ರ ಮೇಲೆ ಏರದಿದ್ದರೆ, ಮತ್ತು ಅದೇ ರೂಟರಿನಲ್ಲಿ ಬೇರೆ ಯಂತ್ರಕ್ಕೆ 144 ಸಿಗುತ್ತಿದ್ದರೆ, ಎರಡರಲ್ಲೊಂದು ತಂತಿ ಕಳಚಿದೆ. ಎಷ್ಟು ಹತ್ತಿರ ಕೂತರೂ 54ಕ್ಕೇ ನಿಂತಿದ್ದರೆ ಅದು ಆಂಟೆನಾ ಅಲ್ಲ: ರೂಟರಿನಲ್ಲಿ ಭದ್ರತೆ ಹಳೆಯ ಟಿಕೆಐಪಿಗೆ ಇದೆ, ಇಲ್ಲವೇ ಡಬ್ಲ್ಯೂಎಂಎಂ ಆಫ್ ಇದೆ. ಭದ್ರತೆಯನ್ನು ಡಬ್ಲ್ಯೂಪಿಎ2-ಎಇಎಸ್‌ಗೆ ಬದಲಿಸಿ, ಡಬ್ಲ್ಯೂಎಂಎಂ ಆನ್ ಮಾಡಿ.

ತಂತಿಯ ತುದಿಯ ಕನೆಕ್ಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಕೆಲಸ ಕೆಡುವುದು ಇಲ್ಲೇ. ಮಿನಿ ಕಾರ್ಡುಗಳಲ್ಲಿರುವ ಯು.ಎಫ್‌ಎಲ್ ಕನೆಕ್ಟರ್ ಅಕ್ಕಿಕಾಳಿನ ಅಗಲದ್ದು. ಇದನ್ನು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ತಯಾರಿಸಿರುತ್ತಾರೆ. ತಂತಿ ಹಿಡಿದು ಎಳೆಯಬಾರದು. ಪ್ಲಾಸ್ಟಿಕ್ ಪಟ್ಟಿಯನ್ನೋ ಉಗುರನ್ನೋ ಲೋಹದ ಟೋಪಿಯ ಕೆಳಗೆ ತೂರಿಸಿ ನೇರ ಮೇಲಕ್ಕೆ ಎತ್ತಬೇಕು. ಹಾಕುವಾಗ ಟೋಪಿಯನ್ನು ಕಾರ್ಡಿನ ಗುಂಡಿಯ ಮೇಲೆ ಸರಿಯಾಗಿ ಕೂರಿಸಿ, ಬೆರಳಿಗೆ ಅದು ಅಲುಗದೆ ನಿಂತಿದೆ ಎಂದು ಗೊತ್ತಾದ ಮೇಲೆ ನೇರ ಕೆಳಗೆ ಒತ್ತಿ. ಸಣ್ಣ 'ಟಿಕ್' ಎಂಬ ಅನುಭವ ಬೆರಳಿಗೆ ಬರುತ್ತದೆ. ಓರೆಯಾಗಿ ಒತ್ತಿದರೆ ಕಾರ್ಡಿನ ಕಡೆಯ ನಡುಸೂಜಿ ಮಡಚಿಕೊಳ್ಳುತ್ತದೆ, ಆಮೇಲೆ ಆ ಕಾರ್ಡ್ ನಿಜವಾಗಿಯೂ ಹೋದಂತೆಯೇ. ಎಂ.2 ಕಾರ್ಡಿನ ಎಂಎಚ್‌ಎಫ್4 ಕನೆಕ್ಟರ್ ಇನ್ನೂ ಸಣ್ಣದು; ಹಳೆಯ ಯು.ಎಫ್‌ಎಲ್ ತಂತಿ ಅದಕ್ಕೆ ಹಿಡಿಯುವುದಿಲ್ಲ, ಒತ್ತಾಯ ಮಾಡಬೇಡಿ. ಯಾವ ಬಣ್ಣದ ತಂತಿ ಮುಖ್ಯ ಆಂಟೆನಾದ್ದು, ಯಾವುದು ಎರಡನೆಯದರದ್ದು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕಾರ್ಡಿನ ಮೇಲೆ 1, 2 ಎಂದೋ ತ್ರಿಕೋನದ ಗುರುತೋ ಇರುತ್ತದೆ.

ಮಲ್ಟಿಮೀಟರ್ ಇಟ್ಟು ನೋಡುವವರಿಗೆ ಒಂದು ಎಚ್ಚರಿಕೆ. ನಡುತಂತಿಗೂ ಹೊರಕವಚಕ್ಕೂ ಶಾರ್ಟ್ ತೋರಿಸಿದರೆ ತಂತಿ ಕೆಟ್ಟಿದೆ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಆಂಟೆನಾಗಳಲ್ಲಿ ಹಲವು ವಿನ್ಯಾಸಗಳು ಹಾಗೆಯೇ ಇವೆ. ನೋಡಬೇಕಾದ್ದು ಕನೆಕ್ಟರಿನ ನಡುವಿನಿಂದ ಆಂಟೆನಾ ಪಟ್ಟಿಯ ಬೆಸುಗೆಯವರೆಗೆ ಸಂಪರ್ಕ ಅಖಂಡವಾಗಿದೆಯೇ ಎಂಬುದನ್ನು.

ಆಂಟೆನಾದ ದೋಷದಂತೆಯೇ ಕಾಣುವ, ಆದರೆ ಅದಲ್ಲದ ಒಂದು ಪ್ರಕರಣ ರಿಯಲ್‌ಟೆಕ್ ಆರ್‌ಟಿಎಲ್8723ಬಿಇ. ಎಚ್‌ಪಿಯ ಅಗ್ಗದ ಮಾದರಿಗಳಲ್ಲಿ ಇದು ಬಹಳ. ಒಂದೇ ಆಂಟೆನಾ ಜೋಡಿಸಿರುತ್ತಾರೆ, ಲಿನಕ್ಸ್ ಡ್ರೈವರ್ ಇನ್ನೊಂದು ತುದಿಯಲ್ಲಿ ಹುಡುಕುತ್ತಿರುತ್ತದೆ. ಆ ಮಾಡ್ಯೂಲಿಗೆ 'ಆಂಟ್ ಅಂಡರ್‌ಸ್ಕೋರ್ ಸೆಲ್' ಎಂಬ ಆಯ್ಕೆಯನ್ನು 2 ಎಂದು ಕೊಡಿ, ಪ್ರಯೋಜನವಾಗದಿದ್ದರೆ 1. ಸಿಗ್ನಲ್ ಅಲ್ಲೇ ಏರುತ್ತದೆ, ಸ್ಕ್ರೂ ಬಿಚ್ಚುವ ಮೊದಲು ಇದನ್ನು ನೋಡಿ.

ಎಲ್ಲರ ನೆಟ್‌ವರ್ಕ್ ಕಾಣುತ್ತದೆ, ನಮ್ಮದು ಮಾತ್ರ ಇಲ್ಲ

ಇದು ಇತ್ತೀಚೆಗೆ ಹೆಚ್ಚುತ್ತಿರುವ ತೊಂದರೆ, ಮತ್ತು ಇಲ್ಲಿ ಲ್ಯಾಪ್‌ಟಾಪಿನ ತಪ್ಪು ಏನೂ ಇರುವುದಿಲ್ಲ. ಇಂಟೆಲ್ ವೈರ್‌ಲೆಸ್-ಎನ್ 1000 ಮತ್ತು 2230, ಬ್ರಾಡ್‌ಕಾಮ್ 4313, ಅಥೆರಾಸ್ ಎಆರ್9285, ಇವೆಲ್ಲ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲವು. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯೂಲ್ಯಾನ್ ಶೋ ಡ್ರೈವರ್ಸ್' ಕೊಟ್ಟು ರೇಡಿಯೊ ಟೈಪ್ ಸಾಲು ನೋಡಿ. ಅಲ್ಲಿ 802.11ಎ ಅಥವಾ ಎಸಿ ಇಲ್ಲದೆ ಬಿ, ಜಿ, ಎನ್ ಮಾತ್ರ ಇದ್ದರೆ ನಿಮ್ಮದು 2.4ರ ಕಾರ್ಡ್.

ಫೋನ್ ಹಾಟ್‌ಸ್ಪಾಟ್ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ಹೊಸ ಫೋನುಗಳು ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ನಲ್ಲಿ ತೆರೆಯುತ್ತವೆ. ಆಂಡ್ರಾಯ್ಡಿನ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4ಕ್ಕೆ ಬದಲಿಸಿ, ಐಫೋನ್ 12 ಮತ್ತು ನಂತರದವುಗಳಲ್ಲಿ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್ ಮಾಡಿ.

ಮನೆಯ ರೂಟರ್ ಆದರೆ ಕೇಬಲ್‌ವಾಲಾ ಇಟ್ಟುಹೋದ ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ವಿಳಾಸವಿರುತ್ತದೆ, ಸಾಮಾನ್ಯವಾಗಿ 192.168.1.1. ಅದನ್ನು ಬ್ರೌಸರಿನಲ್ಲಿ ಕೊಟ್ಟು ಒಳಗೆ ಹೋಗಿ ಮೊದಲು 2.4 ಮತ್ತು 5 ಬ್ಯಾಂಡುಗಳಿಗೆ ಬೇರೆ ಬೇರೆ ಹೆಸರು ಕೊಡಿ. 2.4ರ ಮೋಡ್ ಎಎಕ್ಸ್ ಇದ್ದರೆ ಬಿ/ಜಿ/ಎನ್‌ಗೆ ಇಳಿಸಿ: ವೈಫೈ 6ರ ಎಎಕ್ಸ್ ಸಂಕೇತ ಸೇರಿದ ನೆಟ್‌ವರ್ಕನ್ನು ಇಂಟೆಲ್‌ನ ಹಳೆಯ ಡ್ರೈವರುಗಳು ಪಟ್ಟಿಯಲ್ಲೇ ತೋರಿಸುವುದಿಲ್ಲ. ಭದ್ರತೆ ಡಬ್ಲ್ಯೂಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯೂಪಿಎ2-ಡಬ್ಲ್ಯೂಪಿಎ3 ಮಿಶ್ರಕ್ಕೆ ತನ್ನಿ. ಮಿಶ್ರದಲ್ಲೂ ಪಾಸ್‌ವರ್ಡ್ ಸರಿ ಇದ್ದು ಸೇರದಿದ್ದರೆ ಡಬ್ಲ್ಯೂಪಿಎ2 ಒಂದನ್ನೇ ಇಡಿ, 'ಪಿಎಂಎಫ್' ಕಡ್ಡಾಯ ಎಂದಿದ್ದರೆ ಐಚ್ಛಿಕ ಮಾಡಿ.

ಚಾನೆಲ್ ಸಂಖ್ಯೆಯೂ ಮುಖ್ಯ. ಭಾರತದಲ್ಲಿ 2.4ರ ಚಾನೆಲ್ 1ರಿಂದ 13ರವರೆಗೆ ಬಳಸಬಹುದು, ಅಮೆರಿಕದಲ್ಲಿ ರೂಢಿ 11ರವರೆಗೆ. ಅಲ್ಲಿಂದ ಆಮದಾದ ಯಂತ್ರದ ಕಾರ್ಡಿಗೆ 12, 13 ಕಾಣದೆ ಇರಬಹುದು. ರೂಟರ್ 'ಆಟೋ'ದಲ್ಲಿದ್ದರೆ ನಿನ್ನೆ ಕಂಡ ನೆಟ್‌ವರ್ಕ್ ಇವತ್ತು ಮಾಯವಾಗುವುದಕ್ಕೆ ಇದೂ ಕಾರಣ. ಘಾಟ್‌ಕೋಪರಿನ ಚಾಳಿನಲ್ಲೋ ಡೊಂಬಿವಿಲಿಯ ಕಟ್ಟಡದಲ್ಲೋ ಸ್ಕ್ಯಾನ್ ಮಾಡಿದರೆ ಅಕ್ಕಪಕ್ಕದ ನೆಟ್‌ವರ್ಕುಗಳ ಉದ್ದ ಪಟ್ಟಿಯೇ ಬರುತ್ತದೆ. ಅಲ್ಲಿ 1, 6, 11ರಲ್ಲಿ ಕಡಿಮೆ ಗದ್ದಲವಿರುವುದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್‌ಗೇ ಇಡಿ. 40 ಇಟ್ಟರೆ ವೇಗ ಹೆಚ್ಚುವ ಬದಲು ಜಗಳ ಹೆಚ್ಚುತ್ತದೆ. ಕಾರ್ಡಿಗೆ 5 ಗಿಗಾಹರ್ಟ್ಸ್ ಬರುತ್ತದೆ ಎಂದಾದರೆ 36, 40, 44, 48ರಲ್ಲೊಂದು ಚಾನೆಲ್ ಕೊಡಿ. 52ರಿಂದ 144ರ ನಡುವಿನವು ರೇಡಾರಿಗೆ ದಾರಿ ಬಿಡಬೇಕಾದವು, ಹಳೆಯ ಕಾರ್ಡುಗಳು ಅಲ್ಲಿ ತಡವರಿಸುತ್ತವೆ.

ಕನೆಕ್ಟೆಡ್, ಆದರೆ ಇಂಟರ್ನೆಟ್ ಇಲ್ಲ

ಇಲ್ಲಿ ಮೂರು ಪಿಂಗ್ (ಆ ವಿಳಾಸ ಉತ್ತರಿಸುತ್ತದೆಯೇ ಎಂದು ನೋಡುವ ಆಜ್ಞೆ) ಸಾಕು: ಮೊದಲು ರೂಟರಿನ ವಿಳಾಸ, ಆಮೇಲೆ 8.8.8.8, ಕೊನೆಗೆ ಯಾವುದಾದರೂ ತಾಣದ ಹೆಸರು. ರೂಟರೇ ಉತ್ತರಿಸದಿದ್ದರೆ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ ರೂಟರಿನಿಂದ ವಿಳಾಸ ಬಂದಿಲ್ಲ. ಪುಣೆಯ ಪೀಜಿ, ಹಾಸ್ಟೆಲ್‌ಗಳಲ್ಲಾದರೆ ಮಾಲೀಕರು ಒಪ್ಪಿದ ಯಂತ್ರಗಳ ಮ್ಯಾಕ್ ವಿಳಾಸದ (ಪ್ರತಿ ಕಾರ್ಡಿನ ಗುರುತುಸಂಖ್ಯೆ) ಪಟ್ಟಿ ಇಟ್ಟಿದ್ದಾರೆಯೇ ಕೇಳಿ. 8.8.8.8 ಉತ್ತರಿಸಿ ಹೆಸರು ಮಾತ್ರ ಸಿಗದಿದ್ದರೆ ತೊಂದರೆ ಡಿಎನ್‌ಎಸ್‌ನಲ್ಲಿದೆ (ತಾಣದ ಹೆಸರನ್ನು ಐಪಿ ವಿಳಾಸಕ್ಕೆ ಬದಲಿಸುವ ಸೇವೆ). ಹಳೆಯ ಕಂಪನಿ ಕೈಯಾರೆ ಬರೆದಿಟ್ಟ ಐಪಿ, ಡಿಎನ್‌ಎಸ್ ಇದ್ದರೆ ಆಟೋಮ್ಯಾಟಿಕ್ ಮಾಡಿ.

ಮೂರಕ್ಕೂ ಉತ್ತರ ಬಂದು ಬ್ರೌಸರ್ ಮಾತ್ರ ತೆರೆಯದಿದ್ದರೆ ಎರಡು ಕಡೆ ನೋಡಿ. ಒಂದು ಪ್ರಾಕ್ಸಿ (ಇಂಟರ್ನೆಟ್ಟಿಗೆ ಹೋಗುವ ಮೊದಲು ಹಾಯುವ ನಡುವಿನ ಕಂಪ್ಯೂಟರ್): ಕಂಪನಿಯ ಪ್ರಾಕ್ಸಿ ವಿಳಾಸ ಉಳಿದಿರುತ್ತದೆ, ತೆಗೆದುಹಾಕಿ. ಇನ್ನೊಂದು ತಾರೀಖು. ಹಳೆಯ ಯಂತ್ರದ ಸಿಆರ್2032 ಸೆಲ್ ಸತ್ತಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯೂ ಇಲ್ಲದಾದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ತಾಣಗಳ ಭದ್ರತಾ ಪ್ರಮಾಣಪತ್ರ ಆ ತಾರೀಖಿಗೆ ಹೊಂದದೆ ಪ್ರತಿ ಪುಟವೂ ತಡೆಯಲ್ಪಡುತ್ತದೆ. ಸೆಲ್ 3 ವೋಲ್ಟಿನದು. ಲ್ಯಾಪ್‌ಟಾಪಿನಲ್ಲಿ ಅದು ಬಹುತೇಕ ತಂತಿ ಮತ್ತು ಕನೆಕ್ಟರ್ ಸಹಿತ ಬರುತ್ತದೆ, ಹಾಗೇ ಕೇಳಿ ಕೊಳ್ಳಿ.

ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕಡಿಯುವುದಾದರೆ, ವಿಂಡೋಸಿನಲ್ಲಿ ಕಾರ್ಡಿನ ಪ್ರಾಪರ್ಟೀಸ್‌ನ ಪವರ್ ಮ್ಯಾನೇಜ್‌ಮೆಂಟಿನಲ್ಲಿ ಉಳಿತಾಯಕ್ಕೆಂದು ಆಫ್ ಮಾಡುವ ಟಿಕ್ ತೆಗೆಯಿರಿ. ಉಬುಂಟು, ಮಿಂಟ್‌ಗಳಲ್ಲಿ ನೆಟ್‌ವರ್ಕ್ ಮ್ಯಾನೇಜರಿನ ವೈಫೈ ಪವರ್‌ಸೇವ್ ಮೌಲ್ಯವನ್ನು 3ರಿಂದ 2ಕ್ಕೆ ಬದಲಿಸಿ.

ಕೊನೆಗೂ ಕಾರ್ಡ್ ಕೊಳ್ಳಬೇಕೆಂದರೆ

ಲ್ಯಾಮಿಂಗ್ಟನ್ ರೋಡಿಗೆ ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಹಳೆಯ ಕಾರ್ಡನ್ನು ಕಳಚಿ ಜೊತೆಗೆ ಒಯ್ಯಿರಿ, "ಹಾಫ್ ಮಿನಿ" ಅಥವಾ "ಎಂ ಡಾಟ್ ಟೂ" ಎಂದು ಹೇಳಿ ತೋರಿಸಿ.

ಥಿಂಕ್‌ಪ್ಯಾಡ್ ಎಕ್ಸ್220, ಟಿ420, ಎಕ್ಸ್230, ಟಿ430 ಇದ್ದವರು ಬಹಳ ಎಚ್ಚರವಿರಬೇಕು. ಇವುಗಳ ಬಯಾಸಿನಲ್ಲಿ ಒಪ್ಪಿತ ಕಾರ್ಡುಗಳ ಪಟ್ಟಿಯಿದೆ; ಅದರಲ್ಲಿಲ್ಲದ್ದನ್ನು ಹಾಕಿದರೆ 1802 ಸಂಖ್ಯೆಯ ದೋಷ ತೋರಿಸಿ ಬೂಟ್ ಆಗುವುದನ್ನೇ ನಿಲ್ಲಿಸುತ್ತವೆ. ಅದೇ ಕಾಲದ ಎಚ್‌ಪಿಯಲ್ಲಿ ಇದಕ್ಕೆ 104 ಎಂಬ ದೋಷ. ಚಿಪ್ ಇಂಟೆಲ್ 6205 ಆಗಿದ್ದರೆ ಸಾಲದು, ಲೇಬಲಿನ ಮೇಲೆ ಲೆನೊವೊದ ಎಫ್‌ಆರ್‌ಯು (ಬದಲಿ ಬಿಡಿಭಾಗದ) ಸಂಖ್ಯೆ ಇರಬೇಕು. ಎಚ್‌ಪಿಗಾದರೆ ಎಚ್‌ಪಿಯ ಸ್ಪೇರ್ ಪಾರ್ಟ್ ಸಂಖ್ಯೆ. ಡೆಲ್‌ನಲ್ಲಿ ಸಾಮಾನ್ಯವಾಗಿ ಈ ಕಟ್ಟುಪಾಡಿಲ್ಲ. ಎಂ.2 ಸ್ಲಾಟ್ ಇರುವವರು ಎಎಕ್ಸ್200 ಅಥವಾ ಎಎಕ್ಸ್210 ಕೇಳಿ. ಹೆಸರು ಹತ್ತಿರವಿದೆಯೆಂದು ಎಎಕ್ಸ್201, ಎಎಕ್ಸ್211, 9560 ತರಬೇಡಿ. ಅವುಗಳ ಕೆಲಸದ ಅರ್ಧ ಭಾಗ ಇಂಟೆಲ್‌ನ ಹೊಸ ಚಿಪ್‌ಸೆಟ್ಟಿನೊಳಗಿದೆ, ಹಳೆಯ ಬೋರ್ಡಿನಲ್ಲಿ ಅವು ಏಳುವುದೇ ಇಲ್ಲ.

ಲ್ಯಾಪ್‌ಟಾಪನ್ನೇ ಇನ್ನೂ ಕೊಂಡಿಲ್ಲವೆಂದರೆ ಅಂಗಡಿಯಲ್ಲೇ ಬಯಾಸ್ ತೆರೆದು ನೋಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬಿಡಿ. ಕಂಪನಿ ಮುಚ್ಚಿಟ್ಟ ವೈಫೈಯನ್ನು ನೀವು ತೆರೆಯಲಾರಿರಿ.

ಒಪ್ಪಿತ ಪಟ್ಟಿಯ ತೊಡಕೂ ಮುರಿದ ಹಿಂಜ್ ತಂತಿಯೂ ಬೇಡವೆನಿಸಿದರೆ ಯುಎಸ್‌ಬಿ ಡಾಂಗಲ್ ಸರಿಯಾದ ದಾರಿಯೇ. ಲಿನಕ್ಸಿಗೆ ಮೀಡಿಯಾಟೆಕ್ ಎಂಟಿ7610ಯು ಅಥವಾ ಎಂಟಿ7612ಯು ಚಿಪ್ಪಿನದು ಕೊಳ್ಳಿ, ಅದರ ಡ್ರೈವರ್ ಕರ್ನಲ್ಲಿನಲ್ಲೇ ಇದೆ. ಕೆಲವು ಡಾಂಗಲ್‌ಗಳು ಸಿಕ್ಕಿಸಿದಾಗ ಸಿಡಿ ಡ್ರೈವ್ ಆಗಿ ಕಾಣುತ್ತವೆ, ವಿಂಡೋಸ್ ಡ್ರೈವರ್ ಅದರೊಳಗೇ ಇರುತ್ತದೆ. ಲಿನಕ್ಸಿನಲ್ಲಿ ಆ ಸಿಡಿಯನ್ನು 'ಇಜೆಕ್ಟ್' ಮಾಡಿದರೆ ಅಥವಾ ಯುಎಸ್‌ಬಿ ಮೋಡ್‌ಸ್ವಿಚ್ ಹಾಕಿದರೆ ವೈಫೈ ಆಗಿ ಬದಲಾಗುತ್ತದೆ. 2.4ರ ಡಾಂಗಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಬೇಡಿ, ಪಕ್ಕದ ನೀಲಿ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ನಡೆಯುತ್ತಿದ್ದರೂ ಅದರ ಗದ್ದಲ 2.4 ಗಿಗಾಹರ್ಟ್ಸ್ ಮೇಲೆಯೇ ಬೀಳುತ್ತದೆ. ಕಪ್ಪು ಪೋರ್ಟಿಗೆ ಹಾಕಿ. ಅದು ಒಂದೇ ಇದ್ದು ಮೌಸ್‌ಗೆ ಬೇಕಾದರೆ, ಅರ್ಧ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಯಂತ್ರದಿಂದ ದೂರ, ರೂಟರಿನ ಕಡೆಗೆ ಇಡಿ.